ಕರಬೂಜ ತೀರ್ಪುಗಾರರ ರಕ್ತದಲ್ಲಿ ರಾಗ್‌ವೀಡ್ ಇರತಕ್ಕದ್ದು

ಕಳೆ ನಿರ್ಮೂಲನ ಮತ್ತು ಮೇಳ ಇಲಾಖೆ
ಹ್ಯಾಡ್ಲೀ ಕೌಂಟಿ, ದಕ್ಷಿಣ ಇಂಡಿಯಾನಾ

ಸಂಖ್ಯೆ: ಕನಿಮೇ/ಕರಬೂಜ/ರಕ್ತ/07/2019
ದಿನಾಂಕ: 19 ಆಗಸ್ಟ್ 2019

ಸುತ್ತೋಲೆ

ವಿಷಯ: ಕೌಂಟಿ ಮೇಳದ ಕರಬೂಜ ಸ್ಪರ್ಧೆಯ ತೀರ್ಪುಗಾರರಿಗೆ ಕಳೆ ಪರಾಗದ ಅಲರ್ಜಿಯ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸುವ ಬಗ್ಗೆ, ಹಾಗೂ ಶ್ರೀಮತಿ ಲಿಯೋನಾ ಹೆಲ್ಮಿಂಗ್ ಇವರ ಹಿತ್ತಲಿನ ಬಗ್ಗೆ.

ಓದಲಾಗಿದೆ:
(ಅ) ಕರಬೂಜ ಸ್ಪರ್ಧಾ ನಿಯಮಾವಳಿ, 1998ರ ತಿದ್ದುಪಡಿ ಸಹಿತ.
(ಆ) ಪಟ್ಟಣದ ಕ್ಲಿನಿಕ್ಕಿನ ರಕ್ತಪರೀಕ್ಷಾ ವರದಿ. ಮೂಲ ಪ್ರತಿಯು ಶ್ರೀ ಹೆಲ್ಮಿಂಗ್ ಇವರ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಇರುತ್ತದೆ.
(ಇ) 12 ಜೂನ್ 2019ರ ವಿಚಾರಣೆಯ ನಡವಳಿ.
(ಈ) ಕಳೆ ಶಾಖೆಯ ಕಾರ್ಯಾಚರಣೆ ವರದಿ, 14 ಆಗಸ್ಟ್ 2019.

ಪ್ರಸ್ತಾವನೆ:

ಕರಬೂಜದ ರುಚಿ ನೋಡುವುದಕ್ಕೆ ಬೇಕಾದ ನಾಲಿಗೆ ಶ್ರೀ ನಾರ್ಬರ್ಟ್ ಹೆಲ್ಮಿಂಗ್ ಇವರಿಗೆ ಇರಲಿಲ್ಲ. ಎಪ್ಪತ್ತೊಂದು ವರ್ಷ ವಯಸ್ಸಿನ ಸದರಿಯವರು 1997ರಿಂದ 2018ರವರೆಗೆ, ಸತತ ಇಪ್ಪತ್ತೆರಡು ಮೇಳಗಳಲ್ಲಿ, ಈ ಕೌಂಟಿಯ ಕರಬೂಜ ಸ್ಪರ್ಧೆಯ ಮುಖ್ಯ ತೀರ್ಪುಗಾರರಾಗಿರುತ್ತಾರೆ. ಈ ಎರಡು ಸಂಗತಿಗಳು ಒಂದಕ್ಕೊಂದು ಪರಿಚಯವಿಲ್ಲದೆ ಇಷ್ಟು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತಿದ್ದವು ಎಂಬುದನ್ನು ಇಲಾಖೆಯು ಗಮನಿಸಿದೆ.

ಶ್ರೀಯುತರು ಕರಬೂಜದ ಹೋಳನ್ನು ಬಾಯಿಗಿಟ್ಟ ಕೂಡಲೇ ಅವರ ನಾಲಿಗೆ, ಅಂಗುಳ, ಗಂಟಲು ಮತ್ತು ಕಿವಿಯ ಒಳಭಾಗ ಚುರುಗುಟ್ಟುತ್ತಿದ್ದವು. ಇದು ಹಣ್ಣಿನ ಗುಣವೆಂದು ಅವರು ಬಾಲ್ಯದಿಂದಲೂ ತಿಳಿದಿದ್ದರು. ಅವರ ತಂದೆಯವರಿಗೂ ಹಾಗೆಯೇ ಆಗುತ್ತಿತ್ತು. ತಂದೆಯವರು ಅದನ್ನು ಹಣ್ಣಿನ ಜೀವವೆಂದು ಕರೆದು, ಚುರುಗುಟ್ಟದ ಹಣ್ಣನ್ನು ಹಂದಿಗಳಿಗೆ ಹಾಕುತ್ತಿದ್ದರು. 1998ರಲ್ಲಿ ಶ್ರೀಯುತರ ಶಿಫಾರಸಿನ ಮೇರೆಗೆ ಅಂಕಪಟ್ಟಿಗೆ 'ಚುರುಕು' ಎಂಬ ಕಲಂ ಸೇರಿಸಲಾಯಿತು. ಅಂದಿನಿಂದ ಒಟ್ಟು ನೂರು ಅಂಕಗಳಲ್ಲಿ ಸಿಹಿಗೆ ಇಪ್ಪತ್ತು, ಪರಿಮಳಕ್ಕೆ ಇಪ್ಪತ್ತು, ಸಿಪ್ಪೆಯ ಮೇಲಿನ ಬಲೆಯಂಥ ಗೆರೆಗಳಿಗೆ ಹತ್ತು, ತೂಕಕ್ಕೆ ಹತ್ತು ಮತ್ತು ಚುರುಕಿಗೆ ನಲವತ್ತು ಅಂಕ ಇರುತ್ತದೆ.

ಚುರುಕನ್ನು ಕೌಂಟಿಯ ಜನರು ಬಹಳ ಬೇಗ ಒಪ್ಪಿಕೊಂಡರು. ಹೆದ್ದಾರಿ ಬದಿಯ ಹಣ್ಣಿನ ಅಂಗಡಿಗಳಲ್ಲಿ 'ಚುರುಕು ಗ್ಯಾರಂಟಿ' ಎಂಬ ಹಲಗೆಗಳು ಬಂದವು. ಕ್ಷೌರದಂಗಡಿಯಲ್ಲಿ, ಚರ್ಚಿನ ಊಟದ ಸಾಲಿನಲ್ಲಿ, ಧಾನ್ಯದ ಗೋದಾಮಿನ ಕಟ್ಟೆಯ ಮೇಲೆ ಜನರು ಹಣ್ಣು ಚಪ್ಪರಿಸಿ, "ಈ ವರ್ಷ ಚುರುಕು ಸ್ವಲ್ಪ ಕಮ್ಮಿ ಕಣಯ್ಯ, ಮಳೆ ಜಾಸ್ತಿ ಆಯ್ತು ನೋಡು" ಎಂದು ಮಾತಾಡಿಕೊಂಡಿರುತ್ತಾರೆ. ತನಗೆ ಏನೂ ಚುರುಗುಟ್ಟುತ್ತಿಲ್ಲ ಎಂದು ಒಬ್ಬರೂ ಹೇಳಿದ ದಾಖಲೆ ಇರುವುದಿಲ್ಲ.

ಶ್ರೀಯುತರ ಪತ್ನಿ ಲಿಯೋನಾ ಇವರು ಸಹ ಇಪ್ಪತ್ತೆರಡು ವರ್ಷವೂ ಸ್ಪರ್ಧಿಸಿರುತ್ತಾರೆ. ತೀರ್ಪುಗಾರರ ಪತ್ನಿಯು ಸ್ಪರ್ಧಿಸಬಾರದೆಂಬ ನಿಯಮ ಇರುವುದರಿಂದ, ಲಿಯೋನಾ ಫ್ರಿಕ್ ಎಂಬ ತವರುಮನೆಯ ಹೆಸರಿನಲ್ಲಿ ಅರ್ಜಿ ಸ್ವೀಕರಿಸಲಾಗಿದೆ. ಹಣ್ಣುಗಳ ಮೇಲೆ ಸಂಖ್ಯೆ ಮಾತ್ರ ಇರುವುದರಿಂದ ಅವರ ಹಣ್ಣು ಯಾವುದೆಂದು ಮೇಜಿನ ಬಳಿ ಶ್ರೀಯುತರಿಗೆ ತಿಳಿಯುತ್ತಿರಲಿಲ್ಲ. ಆ ಬೀಜ ಶ್ರೀಮತಿಯವರ ಅಜ್ಜಿಯಿಂದ ಬಂದದ್ದು. ಬೇರೆ ಯಾರ ಬಳಿಯೂ ಇಲ್ಲ. ಆ ಹಣ್ಣು ಮಾತ್ರ ಶ್ರೀಯುತರಿಗೆ ಚುರುಗುಟ್ಟುತ್ತಿರಲಿಲ್ಲ. ಆದುದರಿಂದ 1998ರಿಂದ ಈಚೆಗೆ ಚುರುಕಿನ ಕಲಮಿನಲ್ಲಿ ಅದಕ್ಕೆ ಪ್ರತಿ ವರ್ಷವೂ ಸೊನ್ನೆ ಬಂದಿರುತ್ತದೆ, ಪ್ರತಿ ವರ್ಷವೂ ಅದು ಕೊನೆಯ ಸ್ಥಾನದಲ್ಲಿರುತ್ತದೆ.

ಒಂದು ವರ್ಷ ಮಾತ್ರ ಭಿನ್ನ. 2006ರ ಮೇಳದ ಬೆಳಿಗ್ಗೆ ಶ್ರೀಯುತರು ಸತತವಾಗಿ ಸೀನುತ್ತಿದ್ದುದನ್ನು ನೋಡಲಾರದೆ ಶ್ರೀಮತಿಯವರು ಕಾಫಿಯ ಜೊತೆ ಒಂದು ಅಲರ್ಜಿ ಮಾತ್ರೆ ಕೊಟ್ಟಿರುತ್ತಾರೆ. ಅಂದು ಮೇಜಿನ ಮೇಲಿದ್ದ ಮೂವತ್ತಾರು ಹಣ್ಣುಗಳಲ್ಲಿ ಒಂದೂ ಚುರುಗುಟ್ಟಲಿಲ್ಲ. ಕೌಂಟಿಯಲ್ಲಿ ಕರಬೂಜದ ಬೆಳೆ ಕೆಟ್ಟಿದೆಯೆಂದು ಸಂಜೆಯೊಳಗೆ ಘೋಷಿಸಿ, ಪರಿಹಾರ ಕೋರಿ ರಾಜಧಾನಿಗೆ ಬರೆಯಲಾಯಿತು. ಅಂದಿನ ಅಂಕಪಟ್ಟಿಯನ್ನು ಈಗ ಪರಿಶೀಲಿಸಲಾಗಿ, ಶ್ರೀಮತಿ ಫ್ರಿಕ್ ಇವರ ಹಣ್ಣು ಅರವತ್ತಕ್ಕೆ ಐವತ್ತೆಂಟು ಪಡೆದು ಎಲ್ಲಕ್ಕಿಂತ ಮುಂದೆ ಇದ್ದುದು ಕಂಡುಬಂದಿದೆ. ಮೊದಲ ಬಹುಮಾನವಾದ ನೀಲಿ ರಿಬ್ಬನ್ನಿಗೆ ಕನಿಷ್ಠ ಎಪ್ಪತ್ತು ಅಂಕ ಬೇಕಾಗಿರುವುದರಿಂದ ಆ ವರ್ಷ ರಿಬ್ಬನ್ ಯಾರಿಗೂ ಕೊಟ್ಟಿರುವುದಿಲ್ಲ.

ಕಳೆದ ವರ್ಷದ ಮೇಳದಲ್ಲಿ ಒಂಬತ್ತನೇ ಹಣ್ಣಿನ ಹೋಳು ತಿಂದ ಶ್ರೀಯುತರಿಗೆ ತುಟಿ ಊದಿ, ದನಿ ನಿಂತು, ಉಸಿರು ಸಿಕ್ಕಿಕೊಂಡಿತು. ಅಂತಹ ಸ್ಥಿತಿಯಲ್ಲಿಯೂ ಸದರಿಯವರು ಪೆನ್ಸಿಲ್ ಕೆಳಗಿಡದೆ ಚುರುಕಿನ ಕಲಮಿನಲ್ಲಿ ನಲವತ್ತಕ್ಕೆ ನಲವತ್ತು ಬರೆದು, ನಂತರವೇ ಕುರ್ಚಿಯಿಂದ ಬಿದ್ದಿರುತ್ತಾರೆ. ಸದರಿ ಹಣ್ಣಿಗೆ ನೀಲಿ ರಿಬ್ಬನ್ ಸಂದಿದೆ.

ಆನಂತರ ಕ್ಲಿನಿಕ್ಕಿನಲ್ಲಿ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮಾಡಬೇಕಾದರೆ ಬಿದ್ದ ದಿನದಿಂದ ಶುರುವಾಗಿದ್ದ ಅಲರ್ಜಿ ಮಾತ್ರೆಯನ್ನು ಒಂದು ವಾರ ಬಿಡಬೇಕೆಂದು ಹೇಳಲಾಯಿತು. ಅದು ರಾಗ್‌ವೀಡ್ ಎಂಬ ಕಳೆ ಹೂಬಿಟ್ಟು ಪರಾಗ ಹಾರಿಸುವ ಕಾಲ. ಒಂದು ವಾರ ಮಾತ್ರೆ ಬಿಟ್ಟರೆ ತನ್ನ ಮೂಗು ಮುಖದ ಮೇಲೆ ಉಳಿಯುವುದಿಲ್ಲವೆಂದು ಶ್ರೀಯುತರು ಒಪ್ಪಲಿಲ್ಲ. ಮಾತ್ರೆ ಬಿಡದೆಯೂ ಮಾಡಬಹುದಾದ ರಕ್ತಪರೀಕ್ಷೆಯನ್ನು ಮಾಡಲಾಯಿತು. ವರದಿಯಲ್ಲಿ ನಾಲ್ಕು ಕಳೆಗಳ ಹೆಸರು, ಪ್ರತಿಯೊಂದರ ಮುಂದೆ ಸೊನ್ನೆಯಿಂದ ಆರರವರೆಗಿನ ಒಂದು ವರ್ಗ, ಕೆಳಗೆ ಶ್ರೀಯುತರ ಹೆಸರು ಮತ್ತು ಮನೆಯ ವಿಳಾಸ ಇರುತ್ತದೆ. ಕಾಡುಹರಿವೆ: ಒಂದು. ಚಕ್ಕೋತ ಸೊಪ್ಪು: ಸೊನ್ನೆ. ಮಾಚಿಪತ್ರೆ: ಒಂದು. ರಾಗ್‌ವೀಡ್: ಐದು.

ಈ ಸಂಗತಿಯು ಕ್ಷೌರದಂಗಡಿಯ ಮೂಲಕ ಇಲಾಖೆಯ ಗಮನಕ್ಕೆ ಬಂದ ಮೇಲೆ ಜೂನ್ 12ರಂದು ವಿಚಾರಣೆ ನಡೆಸಲಾಯಿತು. ಹೇಳಿಕೆಗಳನ್ನು ಆಡಿದಂತೆಯೇ ದಾಖಲಿಸಲಾಗಿದೆ.

ಶ್ರೀ ಹೆಲ್ಮಿಂಗ್ ಇವರು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೀಡಿದ ಹೇಳಿಕೆ: "ಡಾಕ್ಟ್ರಮ್ಮ ಕಾಗದ ನೋಡ್ತಾ ಕೇಳಿದ್ರು, 'ಹೆಲ್ಮಿಂಗ್ ಅವರೇ, ಕರಬೂಜ ತಿಂದ್ರೆ ನಿಮಗೆ ಬಾಯಿ ಏನಾದ್ರೂ ಕೆರೆಯುತ್ತಾ?' ಅಂತ. 'ಕೆರೀದೆ ಇದ್ರೆ ಅದು ಕರಬೂಜ ಹೇಗಮ್ಮಾ ಆಗುತ್ತೆ, ಕುಂಬಳಕಾಯಿ ಆಗುತ್ತೆ' ಅಂದೆ. ಅವರು ಪೆನ್ನು ಕೆಳಗಿಟ್ಟು, 'ಮಿಕ್ಕೋರಿಗೆ ಕೆರೆಯಲ್ಲ' ಅಂದ್ರು. 'ಮಿಕ್ಕೋರಿಗೆ ಅಂದ್ರೆ?' ಅಂದೆ. 'ಮಿಕ್ಕೋರಿಗೆ ಅಂದ್ರೆ ಮಿಕ್ಕೋರಿಗೆ. ನಿಮ್ಮ ರಕ್ತಕ್ಕೆ ರಾಗ್‌ವೀಡ್ ಪರಾಗ ಕಂಡ್ರೆ ಆಗಲ್ಲ. ಕರಬೂಜ ಅದರ ಕಣ್ಣಿಗೆ ಆ ಪರಾಗದ ಹಾಗೇ ಕಾಣುತ್ತೆ. ಅದಕ್ಕೇ ಜಗಳಕ್ಕೆ ನಿಲ್ಲುತ್ತೆ. ಇನ್ಮೇಲೆ ಮುಟ್ಟಬೇಡಿ' ಅಂದ್ರು. ನಾನು ಕಾರಲ್ಲಿ ಬಂದು ಕೂತೆ. ಬೀಗದ ಕೈ ಹಾಕೋಕೆ ಕಾಲು ಗಂಟೆ ಹಿಡೀತು ಸ್ವಾಮಿ."

ಸಹ ತೀರ್ಪುಗಾರರೂ ಶಾಲಾ ಬಸ್ಸಿನ ಚಾಲಕರೂ ಆದ ಶ್ರೀಮತಿ ಬರ್ನಡೀನ್ ಆಕರ್ ಇವರ ಹೇಳಿಕೆ: "ನನಗೆ ಯಾವತ್ತೂ ಏನೂ ಚುರುಗುಟ್ಟಿಲ್ಲ. ನಾನು ನಾರ್ಬ್ ಮುಖ ನೋಡಿ ಹಾಕ್ತಿದ್ದೆ. ಅವನು ಕಿವಿಗೆ ಬೆರಳಿಟ್ರೆ ಮೂವತ್ತು. ಗಂಟಲು ಕೆರ್ಕೊಂಡ್ರೆ ಮೂವತ್ತೈದು. ಕಣ್ಣಲ್ಲಿ ನೀರು ಬಂದ್ರೆ ನೀಲಿ ರಿಬ್ಬನ್. ಹೋದ ವರ್ಷ ಬಿದ್ದೇಬಿಟ್ಟ, ಅದಕ್ಕೆ ಎಷ್ಟು ಹಾಕೋದು ಹೇಳಿ? ಪಟ್ಟಿಯಲ್ಲಿ ನಲವತ್ತರ ಮೇಲೆ ಜಾಗಾನೇ ಇರಲಿಲ್ಲ."

ಶ್ರೀಮತಿ ಲಿಯೋನಾ ಹೆಲ್ಮಿಂಗ್ ಇವರ ಹೇಳಿಕೆ: "ಆಗಸ್ಟ್ ತಿಂಗಳು ಪೂರ್ತಿ ದಿನಾ ಬೆಳಿಗ್ಗೆ ನನ್ನ ಹಣ್ಣು ಅರ್ಧ, ಮೇಲೆ ಉಪ್ಪು, ಚಮಚದಲ್ಲಿ ತಳ ಕೆರೆದು ತಿಂತಾನೆ. ಸಿಪ್ಪೆಯಾಚೆ ಬೆಳಕು ಕಾಣ್ಬೇಕು, ಹಾಗೆ. ತಿಂದು 'ಪರವಾಗಿಲ್ಲ ಲಿಯೋನಾ, ಚುರುಕು ಒಂದಿದ್ದಿದ್ರೆ' ಅಂತಾನೆ. ನಲವತ್ತಾರು ವರ್ಷ ಆಯ್ತು ಮದುವೆಯಾಗಿ. ಅವನಿಗೆ ರಾಗ್‌ವೀಡ್ ಕಾಯಿಲೆ ಅಂತ ಡಾಕ್ಟ್ರು ಹೇಳಿದಾಗ ನನಗೆ ದುಃಖ ಆಗ್ಲಿಲ್ಲ, ಬರೆದುಕೊಳ್ಳಿ ಅದನ್ನ. ಅಡುಗೆಮನೇಲಿ ಒಬ್ಬಳೇ ನಕ್ಕೆ. ಕಾಫಿ ಡಬ್ಬೀಲಿ ಇಪ್ಪತ್ತನಾಲ್ಕು ಬೀಜ ಇತ್ತು. ಯಾವಾಗ್ಲೂ ಅರ್ಧ ಎತ್ತಿಡ್ತಿದ್ದೆ. ಈ ಸಲ ಪೂರ್ತಿ ಹಾಕಿದೀನಿ."

ಇಷ್ಟವಾದ ಹಣ್ಣಿಗೆ ಸೊನ್ನೆ ಕೊಟ್ಟದ್ದೇಕೆ ಎಂದು ಶ್ರೀಯುತರನ್ನು ಕೇಳಲಾಗಿ, "ಇಷ್ಟ ಆಗೋದು ಬೇರೆ, ಒಳ್ಳೇದು ಬೇರೆ ಅಂದ್ಕೊಂಡಿದ್ದೆ" ಎಂದು ಉತ್ತರಿಸಿರುತ್ತಾರೆ. ಏನಾದರೂ ಕೋರಿಕೆ ಇದೆಯೇ ಎಂದು ಕೇಳಲಾಗಿ, "ಕುರ್ಚಿ ಬೇಕಾದ್ರೆ ತಗೊಳ್ಳಿ. ಅವಳ ಹಣ್ಣನ್ನ ನೆಟ್ಟಗಿರೋ ನಾಲಿಗೆ ಒಂದು ಸಲ ತಿಂದು ನೋಡ್ಲಿ. ತಿಂದು ಅವಳ ಎದುರಿಗೆ ಹೇಳ್ಲಿ. ಅಷ್ಟೇ" ಎಂದು ತಿಳಿಸಿರುತ್ತಾರೆ. ಶ್ರೀಮತಿಯವರು ಕಿಟಕಿಯ ಕಡೆ ನೋಡಿರುತ್ತಾರೆ.

ಕೋರಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಚುರುಕಿನ ಕಲಮನ್ನು ತೆಗೆಯಬೇಕಾದರೆ ಹಿಂದಿನ ನೀಲಿ ರಿಬ್ಬನ್ ವಿಜೇತರಲ್ಲಿ ಮೂರನೇ ಎರಡು ಭಾಗದವರ ಒಪ್ಪಿಗೆ ಬೇಕು. ಇಪ್ಪತ್ತೊಂದು ವಿಜೇತರನ್ನು ಕೇಳಲಾಗಿ, ಇಪ್ಪತ್ತೊಂದು ಮಂದಿಯೂ ಚುರುಕು ತಮ್ಮ ಹಣ್ಣಿನಲ್ಲಿ ಈಗಲೂ ಇದೆ ಎಂದು ಬರೆದುಕೊಟ್ಟಿರುತ್ತಾರೆ. ಆದುದರಿಂದ ಕಲಂ ಉಳಿಯುತ್ತದೆ. ಕಲಂ ಉಳಿದ ಮೇಲೆ ಅದನ್ನು ತುಂಬಬಲ್ಲ ತೀರ್ಪುಗಾರರು ಬೇಕು. ರಾಗ್‌ವೀಡ್ ಅಲರ್ಜಿ ಇಲ್ಲದವರಿಗೆ ಚುರುಕು ತಿಳಿಯುವುದಿಲ್ಲವೆಂದು ವೈದ್ಯರೇ ಹೇಳಿರುವುದರಿಂದ, ಇಷ್ಟು ವರ್ಷ ಈ ಕೌಂಟಿಯಲ್ಲಿ ಅರ್ಹತೆಯುಳ್ಳ ತೀರ್ಪುಗಾರರು ಒಬ್ಬರೇ ಇದ್ದರೆಂಬ ತೀರ್ಮಾನಕ್ಕೆ ಬರಲಾಗಿದೆ.

ಆದಾಗ್ಯೂ ಶ್ರೀಮತಿಯವರ ಸೇವಾವಧಿಯನ್ನು ಪರಿಗಣಿಸಿ, 'ಚುರುಕಿಲ್ಲದ ಕರಬೂಜ' ಎಂಬ ವಿಶೇಷ ವಿಭಾಗವನ್ನು ಈ ವರ್ಷಕ್ಕೆ ಮಾತ್ರ ತೆರೆಯಲಾಯಿತು. ಇದಕ್ಕೆ ಬಂದ ಅರ್ಜಿ ಒಂದೇ. ರಿಬ್ಬನ್ನಿನ ಮೇಲೆ ಹೆಸರನ್ನು ಮುಂಗಡವಾಗಿ ಮುದ್ರಿಸಲಾಗಿದೆ. ಇದನ್ನು ತಿಳಿಸಿದಾಗ ಶ್ರೀಯುತರು ಟೋಪಿಯನ್ನು ತಲೆಗೆ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡಿರುತ್ತಾರೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ರಕ್ತದಲ್ಲಿ ರಾಗ್‌ವೀಡ್ ಅಲರ್ಜಿಯು ಮೂರನೇ ವರ್ಗಕ್ಕಿಂತ ಕಡಿಮೆ ಇರುವ ಯಾವ ವ್ಯಕ್ತಿಯೂ ಕರಬೂಜ ಮೇಜಿನ ಬಳಿ ಕೂರತಕ್ಕದ್ದಲ್ಲ. ಹಳೆಯ ಅನುಭವ, ಮೀಸೆ, ಅಥವಾ ಸ್ವಂತ ಹೊಲವನ್ನು ಅರ್ಹತೆಯೆಂದು ಪರಿಗಣಿಸಲಾಗುವುದಿಲ್ಲ.

2. ರಕ್ತವನ್ನು ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಇಲಾಖೆಯ ಕಚೇರಿಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತೆಗೆಯಲಾಗುವುದು. ಖಾಲಿ ಹೊಟ್ಟೆಯಲ್ಲಿ ಬರುವ ಅಗತ್ಯವಿಲ್ಲ. ಮಾತ್ರೆ ನುಂಗಿದ್ದರೂ ಬರಬಹುದು. ರಕ್ತ ಸುಳ್ಳು ಹೇಳುವುದಿಲ್ಲ. ಆದರೆ ಮೇಳಕ್ಕೆ ಮೊದಲು ಐದು ದಿನ ತೀರ್ಪುಗಾರರು ಮಾತ್ರೆ ನುಂಗತಕ್ಕದ್ದಲ್ಲ, ಮನೆಯವರು ಕಾಫಿಯ ಜೊತೆ ಕೊಡತಕ್ಕದ್ದೂ ಅಲ್ಲ. 2006ರ ದುರಂತ ಮರುಕಳಿಸಬಾರದು.

3. ವರ್ಗವಾರು ಹಕ್ಕುಗಳು ಹೀಗಿರುತ್ತವೆ. ಸೊನ್ನೆ: ಹಣ್ಣು ತಿನ್ನಬಹುದು, ಅಭಿಪ್ರಾಯ ಹೇಳುವಂತಿಲ್ಲ. ಒಂದು: ಅಭಿಪ್ರಾಯವನ್ನು ಮನೆಯೊಳಗೆ ಹೇಳಬಹುದು. ಎರಡು: ಸಾರ್ವಜನಿಕವಾಗಿ ತಲೆಯಾಡಿಸಬಹುದು. ಮೂರು: ಸಹಾಯಕ ತೀರ್ಪುಗಾರ. ನಾಲ್ಕು: ತೀರ್ಪುಗಾರ. ಐದು: ಮುಖ್ಯ ತೀರ್ಪುಗಾರ. ಆರನೇ ವರ್ಗದವರು ಮೇಜಿನಿಂದ ನೂರು ಅಡಿಯೊಳಗೆ ಬರತಕ್ಕದ್ದಲ್ಲ. ಆದರೆ ಅವರು ಅಂಚೆಯಲ್ಲಿ ಕಳಿಸುವ ಅಭಿಪ್ರಾಯವೇ ಅಂತಿಮ.

4. ಈವರೆಗೆ ಪರೀಕ್ಷಿಸಲಾದ ಇನ್ನೂರ ಎಂಟು ಮಂದಿಯಲ್ಲಿ ನೂರ ಎಪ್ಪತ್ತು ಮಂದಿಯ ವರ್ಗ ಸೊನ್ನೆ. ಇವರೆಲ್ಲರೂ 1998ರಿಂದ ಈಚೆಗೆ ಒಮ್ಮೆಯಾದರೂ ಬಹಿರಂಗವಾಗಿ ಚುರುಕನ್ನು ಹೊಗಳಿರುತ್ತಾರೆ. ಇಂಥವರು ನಮೂನೆ-9ರಲ್ಲಿ ತಮ್ಮ ಹೊಗಳಿಕೆಯನ್ನು ಹಿಂಪಡೆಯತಕ್ಕದ್ದು. ಪಾದ್ರಿಗಳಿಗೆ ಪ್ರತ್ಯೇಕ ಸರತಿ ಇರುತ್ತದೆ.

5. ತೀರ್ಪು ನಡೆಯುವಾಗ ಸೀನು ಬಂದರೆ ಸೀನಬಹುದು. ಸೀನನ್ನು ಅಂಕವೆಂದು ಎಣಿಸತಕ್ಕದ್ದಲ್ಲ. ಸೀನಿದ ತೀರ್ಪುಗಾರರಿಗೆ ಸಾರ್ವಜನಿಕರು "ದೇವರು ಒಳ್ಳೇದು ಮಾಡ್ಲಿ" ಎನ್ನುವುದನ್ನು ಪ್ರಭಾವ ಬೀರುವ ಯತ್ನವೆಂದು ಪರಿಗಣಿಸಲಾಗುವುದು. ಅದನ್ನು ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೆ ಅಡ್ಡಿ ಇಲ್ಲ.

6. ಈ ಇಲಾಖೆಯ ಕಳೆ ಶಾಖೆಯ ಕರ್ತವ್ಯ ರಾಗ್‌ವೀಡನ್ನು ನಾಶ ಮಾಡುವುದು. ಮೇಳ ಶಾಖೆಗೆ ಮುಂದಿನ ಪೀಳಿಗೆಯ ತೀರ್ಪುಗಾರರನ್ನು ತಯಾರಿಸಲು ರಾಗ್‌ವೀಡ್ ಬೇಕು. ಆದುದರಿಂದ ಕಚೇರಿಯ ಹಿಂಭಾಗದಲ್ಲಿ ಹನ್ನೆರಡು ಅಡಿ ಉದ್ದಗಲದ ಜಾಗದಲ್ಲಿ ಬೇಲಿ ಹಾಕಿ ರಾಗ್‌ವೀಡ್ ಬೆಳೆಸಲಾಗಿದೆ. ಇದನ್ನು ಕೂಡಲೇ ಕಿತ್ತುಹಾಕುವಂತೆ ಇಲಾಖೆಯು ಇಲಾಖೆಗೆ ನೋಟಿಸು ಜಾರಿ ಮಾಡಿದೆ. ಇಲಾಖೆಯು ಕಾಲಾವಕಾಶ ಕೋರಿದೆ. ನೀಡಲಾಗಿದೆ.

7. ಐದನೇ ವರ್ಗದ ಏಕೈಕ ವ್ಯಕ್ತಿಯಾದ ಶ್ರೀ ಹೆಲ್ಮಿಂಗ್ ಇವರು ಇನ್ನು ಕರಬೂಜ ಮುಟ್ಟಬಾರದೆಂದು ವೈದ್ಯರ ಆದೇಶ ಇರುತ್ತದೆ. ಮುಖ್ಯ ತೀರ್ಪುಗಾರರ ಕುರ್ಚಿ ಖಾಲಿ ಇರಬಾರದೆಂದು ನಿಯಮ ಇರುತ್ತದೆ. ಎರಡನ್ನೂ ಪಾಲಿಸುವ ಸಲುವಾಗಿ, ಶ್ರೀಯುತರ ರಕ್ತದ ಒಂದು ಕೊಳವೆಯನ್ನು ಹೆಸರಿನ ಫಲಕದೊಂದಿಗೆ ಕುರ್ಚಿಯ ಮೇಲೆ ಇಡತಕ್ಕದ್ದು. ಕೊಳವೆಗೆ ನೆರಳು ಒದಗಿಸತಕ್ಕದ್ದು. ಮತ ಸಮನಾದಲ್ಲಿ ಕೊಳವೆಯ ಮತವೇ ನಿರ್ಣಾಯಕ. ಶ್ರೀಯುತರು ಪ್ರೇಕ್ಷಕರ ಬೆಂಚಿನಲ್ಲಿ ಕುಳಿತು ಕೊಳವೆಗೆ ಸನ್ನೆ ಮಾಡತಕ್ಕದ್ದಲ್ಲ.

8. ಕೊಳವೆಗಳನ್ನು ಇಡುವ ಫ್ರಿಜ್ಜಿನಲ್ಲಿ ಸಿಬ್ಬಂದಿಯು ತಮ್ಮ ಸೇಬಿನ ಪೈ ಇಡುವುದನ್ನು ನಿಲ್ಲಿಸತಕ್ಕದ್ದು. ಸಾಧ್ಯವಾಗದಿದ್ದಲ್ಲಿ ಪೈ ಮೇಲೆ ಹೆಸರು ಬರೆಯತಕ್ಕದ್ದು.

9. ಶ್ರೀಮತಿ ಲಿಯೋನಾ ಇವರ ಹಿತ್ತಲಿನ ಬಗ್ಗೆ. ಕಡತ ಪೂರ್ಣಗೊಳಿಸಲು ರಕ್ತಪರೀಕ್ಷಾ ವರದಿಯ ದೃಢೀಕೃತ ನಕಲನ್ನು ಕ್ಲಿನಿಕ್ಕಿನಿಂದ ತರಿಸಲಾಗಿದ್ದು, ಅದು ಆಗಸ್ಟ್ 13ರಂದು ಕೈಸೇರಿತು. ಕಳೆಯ ಹೆಸರಿರುವ ಯಾವುದೇ ಕಾಗದವನ್ನು ಕಳೆ ಶಾಖೆಗೆ ಕಳಿಸತಕ್ಕದ್ದೆಂದು 1974ರ ಸ್ಥಾಯೀ ಆದೇಶ ಇರುವುದರಿಂದ, ಸ್ವೀಕೃತಿ ಗುಮಾಸ್ತರು ಕಳಿಸಿರುತ್ತಾರೆ. ಕಳೆ ಶಾಖೆಯ ಕ್ಷೇತ್ರ ಸಮೀಕ್ಷೆಯ ಹಾಳೆಯಲ್ಲಿಯೂ ಕಳೆಗಳ ಹೆಸರು, ಮುಂದೆ ಒಂದೊಂದು ಅಂಕಿ, ಕೆಳಗೆ ಜಮೀನಿನ ಮಾಲೀಕರ ಹೆಸರು ಮತ್ತು ವಿಳಾಸ ಇರುತ್ತದೆ. ರಾಗ್‌ವೀಡ್ ಐದು ಎಂಬುದು ಶಾಖೆಯ ಇತಿಹಾಸದಲ್ಲಿಯೇ ಅತಿ ಹೆಚ್ಚಿನ ಅಂಕಿಯಾಗಿದ್ದು, ಮರುದಿನವೇ ಇಬ್ಬರು ಸಿಬ್ಬಂದಿ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿಕೊಂಡು ಸದರಿ ವಿಳಾಸಕ್ಕೆ ಹೋಗಿರುತ್ತಾರೆ. ಇಲಾಖೆಯ ಯಾವ ಕಾಗದದ ಮೇಲೂ ಇಷ್ಟು ಶೀಘ್ರವಾಗಿ ಕ್ರಮ ಕೈಗೊಂಡ ಉದಾಹರಣೆ ಇಲ್ಲ.

ಈ ಕುರಿತು ಶ್ರೀ ಹೆಲ್ಮಿಂಗ್ ಇವರ ಎರಡನೇ ಹೇಳಿಕೆ: "ಲಿಯೋನಾ ಜಾಡಿ ಮುಚ್ಚಳ ತರೋಕೆ ಪೇಟೆಗೆ ಹೋಗಿದ್ಲು. ಇಲಾಖೆ ಟೋಪಿ ಹಾಕ್ಕೊಂಡ ಇಬ್ರು ಬಾಗಿಲಿಗೆ ಬಂದ್ರು. ನನ್ನ ಕಣ್ಣು ಊದ್ಕೊಂಡಿತ್ತು, ಮೂಗು ಸುರೀತಿತ್ತು, ಏನೂ ಕಾಣ್ತಿರಲಿಲ್ಲ. 'ಹೆಲ್ಮಿಂಗ್ ಅಂದ್ರೆ ನೀವೇನಾ? ರಾಗ್‌ವೀಡ್, ಐದು?' ಅಂದ್ರು. 'ಹೂಂನಪ್ಪ, ನಾನೇ' ಅಂದೆ. ಸಹಿ ಹಾಕಿ ಅಂದ್ರು. ಮೇಳದ ಕಾಗದ ಇರ್ಬೇಕು ಅಂತ ಹಾಕ್ದೆ. 'ಎಲ್ಲಿದೆ, ಹಿತ್ತಲಲ್ಲಾ?' ಅಂದ್ರು. ಸ್ಪರ್ಧೆಗೆ ಮುಂಚೆ ಅವಳ ಹಣ್ಣು ನೋಡ್ಕೊಂಡು ಹೋಗೋಕೆ ಬಂದವ್ರೆ ಅಂದ್ಕೊಂಡೆ. 'ಹಿತ್ತಲಲ್ಲೇ ಇದೆ, ಹೋಗಿ ನೋಡಿ, ಈ ವರ್ಷ ಬಹಳ ಚೆನ್ನಾಗಿ ಬಂದಿದೆ' ಅಂದೆ. ನನಗೂ ಸ್ವಲ್ಪ ಹೆಮ್ಮೆ ಇತ್ತು. ಒಳಗೆ ಹೋಗಿ ಮುಖಕ್ಕೆ ನೀರು ಹಾಕ್ಕೊಂಡೆ. ಟ್ರ್ಯಾಕ್ಟರ್ ಸದ್ದು ಕೇಳಿಸ್ತು. ಪಕ್ಕದ ಹೊಲದವರದು ಅಂದ್ಕೊಂಡೆ."

ಕಾರ್ಯಾಚರಣೆಯು ನಿಯಮ 11ರಂತೆ, ಅಂದರೆ ಕತ್ತರಿಸುವುದು, ಸಿಂಪಡಿಸುವುದು, ಗುಡ್ಡೆ ಹಾಕಿ ಸುಡುವುದು ಎಂಬ ಕ್ರಮದಲ್ಲಿ, ಐವತ್ತು ನಿಮಿಷಗಳಲ್ಲಿ ಮುಗಿದಿದೆ. ಅಲ್ಲಿ ಕಂಡ ಬಳ್ಳಿಗಳು ರಾಗ್‌ವೀಡಿನಂತೆ ಇರಲಿಲ್ಲ ಎಂದು ಸಿಬ್ಬಂದಿಯಲ್ಲಿ ಒಬ್ಬರು ಹೇಳಿದ್ದು, ಐದನೇ ವರ್ಗದ ರಾಗ್‌ವೀಡನ್ನು ತಾವಿಬ್ಬರೂ ಈ ಮೊದಲು ನೋಡಿಲ್ಲವೆಂದು ಇನ್ನೊಬ್ಬರು ಸಮಾಧಾನ ಹೇಳಿರುತ್ತಾರೆ. ಪೇಟೆಯಿಂದ ಬಂದ ಶ್ರೀಮತಿಯವರು ಮುಚ್ಚಳದ ಪೊಟ್ಟಣವನ್ನು ಹಿಡಿದುಕೊಂಡೇ ಹಿತ್ತಲಿಗೆ ಬಂದಿರುತ್ತಾರೆ. ಹೇಳಿಕೆ ನೀಡಲು ನಿರಾಕರಿಸಿ, ಬದಲಿಗೆ ಒಂದು ಪ್ರಶ್ನೆ ಕೇಳಿರುತ್ತಾರೆ: "ನಿಮ್ಮಲ್ಲಿ ಯಾರಾದ್ರೂ ಒಂದಾದ್ರೂ ತಿಂದು ನೋಡಿದ್ರಾ?" ಇಲ್ಲವೆಂದು ಉತ್ತರಿಸಲಾಗಿದೆ.

ಮನೆಯೊಳಗೆ ಹಣ್ಣು ಉಳಿದಿರುವುದೇ ಎಂದು ಪರಿಶೀಲಿಸಲಾಯಿತು. ಶ್ರೀಯುತರು ತಿಳಿಸಿದ್ದು: "ಡಾಕ್ಟ್ರು ಬೇಡ ಅಂದಿದ್ರೂ ಅವಳದು ನನಗೆ ಆಗುತ್ತೆ ಅಂತ ತಿಂತಿದ್ದೆ. ಅವತ್ತು ಬೆಳಿಗ್ಗೆ ಈ ವರ್ಷದ ಮೊದಲನೇದು ಕೊಯ್ದಿದ್ಲು. ತಿಂದೆ. ಕೌಂಟೀಲಿ ಇಂಥದ್ದು ಇನ್ನೊಂದಿಲ್ಲ ಅಂದೆ. ಹೇಳಿದ್ದು ಅದೇ ಮೊದಲು. ಅವಳು ತಿರುಗಿ ನೋಡದೆ, 'ಬೀಜ ತೊಳೆದು ಇಡ್ಲಾ?' ಅಂದ್ಲು. 'ಹಿತ್ತಲಲ್ಲಿ ಇನ್ನೂ ನಲವತ್ತೊಂದಿದೆ, ಇದನ್ನ ಕೋಳಿಗೆ ಹಾಕು' ಅಂದೆ."

ಕೋಳಿಗಳನ್ನು ಪರಿಶೀಲಿಸಲಾಗಿದೆ. ತಡವಾಗಿರುತ್ತದೆ.

10. ಕಳೆ ಶಾಖೆಯ ವರದಿಯಂತೆ, ಸದರಿ ಜಮೀನಿನಲ್ಲಿ ಈಗ ರಾಗ್‌ವೀಡ್ ಒಂದೂ ಇರುವುದಿಲ್ಲ. ಮೊದಲೂ ಇರಲಿಲ್ಲ. ಗುರಿಯನ್ನು ನೂರಕ್ಕೆ ನೂರರಷ್ಟು ಸಾಧಿಸಿದ ಶಾಖೆಯನ್ನು ಅಭಿನಂದಿಸಲಾಗಿದೆ.

11. 'ಚುರುಕಿಲ್ಲದ ಕರಬೂಜ' ವಿಭಾಗವನ್ನು ಒಮ್ಮೆ ಪ್ರಕಟಿಸಿದ ಮೇಲೆ ರದ್ದುಪಡಿಸಲು ಅವಕಾಶವಿಲ್ಲ. ಆದುದರಿಂದ 24 ಆಗಸ್ಟ್ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸ್ಪರ್ಧೆ ನಡೆಯತಕ್ಕದ್ದು. ಮೇಜಿನ ಮೇಲೆ ಬಟ್ಟೆ ಹಾಸಿ, ತಟ್ಟೆ, ಚಾಕು ಮತ್ತು ಉಪ್ಪಿನ ಡಬ್ಬಿ ಇಡತಕ್ಕದ್ದು. ತೀರ್ಪುಗಾರರು ತಟ್ಟೆಯ ಮುಂದೆ ಮೂರು ನಿಮಿಷ ನಿಲ್ಲತಕ್ಕದ್ದು. ಚುರುಕಿನ ಕಲಮಿನಲ್ಲಿ ಸೊನ್ನೆ ಬರೆಯತಕ್ಕದ್ದು. ಅದು ಸರಿಯಾಗಿಯೇ ಇರುತ್ತದೆ. ಉಳಿದ ಕಲಮುಗಳನ್ನು ಖಾಲಿ ಬಿಡತಕ್ಕದ್ದು.

12. ಹೆಸರು ಮುದ್ರಿಸಿರುವ ನೀಲಿ ರಿಬ್ಬನ್ನನ್ನು ಹಣ್ಣಿಲ್ಲದೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಅದನ್ನು ಇಲಾಖೆಯ ಬೀರುವಿನಲ್ಲಿ ಇಡಲಾಗಿದೆ. ನೆಟ್ಟಗಿರುವ ನಾಲಿಗೆಯೊಂದು ತನ್ನ ಪತ್ನಿಯ ಹಣ್ಣನ್ನು ತಿಂದು ಎದುರಿಗೆ ಹೇಳಬೇಕೆಂಬ ಶ್ರೀ ಹೆಲ್ಮಿಂಗ್ ಇವರ ಕೋರಿಕೆಯನ್ನು ಹಣ್ಣು ಲಭ್ಯವಿಲ್ಲದ ಕಾರಣ ಮುಕ್ತಾಯಗೊಳಿಸಲಾಗಿದೆ.

13. ಮುಖ್ಯ ತೀರ್ಪುಗಾರರ ಸ್ಥಾನಕ್ಕೆ ಶ್ರೀಯುತರು ಸಲ್ಲಿಸಿರುವ ರಾಜೀನಾಮೆಯನ್ನು ಅಂಗೀಕರಿಸಿಲ್ಲ. ರಾಜೀನಾಮೆ ಪತ್ರಕ್ಕೆ ರಕ್ತದ ಸಹಿಯೂ ಬೇಕಾಗಿರುತ್ತದೆ. ಮಂಗಳವಾರ ಬರತಕ್ಕದ್ದು.

ಆದೇಶಾನುಸಾರ,

(ಸಹಿ ಇದೆ, ಸೀನಿನಿಂದಾಗಿ ಓದಲಾಗುವುದಿಲ್ಲ)
ಉಪ ನಿರ್ದೇಶಕರು, ಕಳೆ ಮತ್ತು ಮೇಳ
(ರಕ್ತದ ವರ್ಗ: ಎರಡು. ತಲೆಯಾಡಿಸಲು ಮಾತ್ರ ಅಧಿಕಾರವಿರುತ್ತದೆ)

ಪ್ರತಿಗಳು:
— ಶ್ರೀ ನಾರ್ಬರ್ಟ್ ಹೆಲ್ಮಿಂಗ್, ಮುಖ್ಯ ತೀರ್ಪುಗಾರರು, ಬೆಂಚಿನ ವಿಳಾಸಕ್ಕೆ.
— ಶ್ರೀ ನಾರ್ಬರ್ಟ್ ಹೆಲ್ಮಿಂಗ್ ಇವರ ರಕ್ತ, ಫ್ರಿಜ್, ಎರಡನೇ ಅಂತಸ್ತು, ಪೈ ಪಕ್ಕ.
— ಶ್ರೀಮತಿ ಲಿಯೋನಾ ಫ್ರಿಕ್, ತವರುಮನೆಯ ಹೆಸರಿನಲ್ಲಿ. ಎರಡು ಬಾರಿ ಕಳಿಸಲಾಗಿದ್ದು, ಎರಡು ಬಾರಿಯೂ ತೆರೆಯದೆ ಹಿಂತಿರುಗಿದೆ.
— ಶ್ರೀಮತಿ ಬರ್ನಡೀನ್ ಆಕರ್, ಇನ್ನು ಮುಂದೆ ಯಾರ ಮುಖವನ್ನೂ ನೋಡದಿರಲು.
— ಕಳೆ ಶಾಖೆ, ಮಾಹಿತಿಗಾಗಿ ಮಾತ್ರ. ಈ ಸುತ್ತೋಲೆಯಲ್ಲಿ ಬಂದಿರುವ ಯಾವುದೇ ವಿಳಾಸಕ್ಕೆ ಹೋಗಕೂಡದು.
— ಕ್ಷೌರದಂಗಡಿ, ಪ್ರಚಾರಕ್ಕಾಗಿ.
— ಕಚೇರಿ ಪ್ರತಿ.

ಅಡಕ: ನಷ್ಟದ ವಿವರ (14 ಆಗಸ್ಟ್ 2019)
ರಾಗ್‌ವೀಡ್ ಗಿಡ: 0
ಕರಬೂಜ ಬಳ್ಳಿ: 18
ಹಣ್ಣು: 41
ಬೀಜ: ಇದ್ದಷ್ಟೂ